ಗೌಜಲಹಟ್ಟಿಗೆ ಹೋಗಿಲ್ಲ

ಹಳ್ಳಿ ಅಂಚೆಯವನ ಭೇಟಿ ಪುಸ್ತಕ ಎಂಬುದನ್ನು ಈಗಿನವರು ನೋಡಿರಲಾರರು. ಖಾಕಿ ರಟ್ಟು ಹಾಕಿದ, ಅಂಗಿಯ ಜೇಬಿಗೆ ಹಿಡಿಸುವಷ್ಟು ಅಗಲದ ಪುಸ್ತಕ. ಎಡಗಡೆ ತಾರೀಕು ಮತ್ತು ಊರಿನ ಹೆಸರು, ನಡುವೆ ಕೊಟ್ಟ ಕಾಗದಗಳ ಸಂಖ್ಯೆ, ಬಲಗಡೆ ಆ ಊರಿನವರೊಬ್ಬರ ಸಹಿ ಅಥವಾ ಹೆಬ್ಬೆಟ್ಟು. ಅಂಚೆಯವನು ನಿಜವಾಗಿ ಊರಿಗೆ ಹೋಗಿದ್ದನೋ, ದಾರಿಯಲ್ಲಿ ಮರದಡಿ ಮಲಗಿ ಎದ್ದು ಬಂದನೋ ಎಂದು ಮೇಲಿನವರಿಗೆ ತಿಳಿಯಲು ಇದ್ದದ್ದು ಇದೊಂದೇ ದಾರಿ. ಕಲ್ಲುಸಂತೆಯ ಮಂಚಯ್ಯ ಬರೆದಿಟ್ಟ ಇಂಥ ಪುಸ್ತಕಗಳಲ್ಲಿ ಗೆದ್ದಲಿಗೆ ಹೋಗದೆ ಉಳಿದವು 1928ರಿಂದ 1942ರವರೆಗಿನವು. ಅವನ್ನೆಲ್ಲ ನಾನು ಒಂದು ಸಾಲೂ ಬಿಡದೆ ಓದಿದ್ದೇನೆ.

ಕಲ್ಲುಸಂತೆ ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಇರುವ ಊರು. ಗುರುವಾರದ ಸಂತೆಯೊಂದನ್ನು ಬಿಟ್ಟರೆ ಅದಕ್ಕೆ ಬೇರೆ ಹೆಗ್ಗಳಿಕೆಯಿಲ್ಲ. ಮಂಚಯ್ಯ ಹುಟ್ಟಿದ್ದು ಅಲ್ಲಿಯೇ. ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದರಿಂದ ಹತ್ತು ವರ್ಷ ದೊಡ್ಡವಳಾದ ಅಕ್ಕ ಲಕ್ಕಮ್ಮನೇ ಅವರನ್ನು ಸಾಕಿದಳು. ಅವಳಿಗೆ ಓದು ಬರಹ ಇಲ್ಲ. ಆದರೂ ತಮ್ಮನನ್ನು ಕೈಹಿಡಿದು ಕೂಲಿಮಠಕ್ಕೆ ಎಳೆದುಕೊಂಡು ಹೋಗಿ, ಅವನು ಓಡಿಬರದಂತೆ ಬಾಗಿಲ ಹೊರಗೆ ಕಾದು ಕೂರುತ್ತಿದ್ದಳಂತೆ. ಮಂಚಯ್ಯನಿಗೆ ಏಳು ವರ್ಷವಾದಾಗ ಅವಳನ್ನು ಗೌಜಲಹಟ್ಟಿಗೆ ಕೊಟ್ಟರು. ಕಲ್ಲುಸಂತೆಯಿಂದ ನಾಲ್ಕು ಮೈಲಿ, ನಡುವೆ ಎರಡು ಹಳ್ಳ. ಸರ್ಕಾರಿ ಕಾವಲಿನ, ಎಂದರೆ ಮೀಸಲು ಹುಲ್ಲುಗಾವಲಿನ, ಅಂಚಿನಲ್ಲಿ ದನ ಮೇಯಿಸಿಕೊಂಡು, ಹುರುಳಿ ಚೆಲ್ಲಿಕೊಂಡು ಇದ್ದ ಹತ್ತೊಂಬತ್ತು ಮನೆ. ಕೂಲಿಮಠದ ಅಕ್ಷರದ ಬಲದಿಂದ 1917ರಲ್ಲಿ ಮಂಚಯ್ಯ ಅಂಚೆಯವರಾದರು. ಅವರ ವಾರದ ಸುತ್ತಿನ ಏಳು ಊರುಗಳಲ್ಲಿ ಗೌಜಲಹಟ್ಟಿಯೂ ಒಂದು. ಮಂಗಳವಾರ ಅದರ ಸರದಿ.

ನಾನು ಅವರನ್ನು ಕಂಡದ್ದು 1944ರ ಆಷಾಢದಲ್ಲಿ, ಹಾಸನದಲ್ಲಿ. ಆಗ ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ನನಗೆ ಇಪ್ಪತ್ತೇಳು ವರ್ಷ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ಒಂದು ಸರ್ಕಾರಿ ಸಮಿತಿಯ ಕೆಲಸಕ್ಕೆ ಬಂದಿದ್ದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳೆಯ ನಕ್ಷೆಗಳಲ್ಲಿ ಇದ್ದು ಈಗಿನ ಪಟ್ಟಿಗಳಲ್ಲಿ ಇಲ್ಲದ ಊರುಗಳನ್ನು ಹುಡುಕಿ, ಅಲ್ಲಿ ಜನ ಇದ್ದಾರೋ ಇಲ್ಲವೋ ಎಂದು ಬರೆಯಬೇಕಾಗಿತ್ತು. ಜನ ಇಲ್ಲದ ಊರನ್ನು ಸರ್ಕಾರದ ಕಾಗದದಲ್ಲಿ ‘ಬೇಚರಾಕ್’ ಎನ್ನುತ್ತಾರೆ. ದೀಪ ಹಚ್ಚುವವರಿಲ್ಲದ ಊರು ಎಂದು ಅರ್ಥ. ಹಾಗೆ ಬರೆದ ಊರಿನ ನೆಲ ಪಕ್ಕದ ಕಾವಲಿಗೆ ಸೇರಿಹೋಗುತ್ತಿತ್ತು. ಕಾವಲುಗಳನ್ನು ಹೊಗೆಸೊಪ್ಪು ಬೆಳೆಯುವವರಿಗೆ ಗುತ್ತಿಗೆ ಕೊಡುವುದೆಂದು ಆಗಲೇ ತೀರ್ಮಾನವಾಗಿತ್ತು. ರಾಮನಾಥಪುರದ ಕಡೆಯಿಂದ ಅರ್ಜಿಗಳೂ ಬಂದು ಕೂತಿದ್ದವು.

ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಆದ್ದರಿಂದ ಯಾರೂ ಊರೂರಿಗೆ ಹೋಗಿ ನೋಡಬೇಕಾಗಿಲ್ಲ, ಹಿಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಜನ ಇದ್ದರೆಂದು ಹೇಳುವ ಸರ್ಕಾರಿ ಬರಹ ಒಂದಾದರೂ ಸಿಕ್ಕರೆ ಊರು ಉಳಿಯುತ್ತದೆ, ಸಿಗದಿದ್ದರೆ ಬೇಚರಾಕ್ ಎಂದು ನಿಯಮ ಮಾಡಿದ್ದರು. ಅಂಚೆಯ ಭೇಟಿ ಪುಸ್ತಕಗಳನ್ನು ತರಿಸಿ ನೋಡಬಹುದೆಂದು ಸೂಚಿಸಿದವಳು ನಾನು. ಒಳ್ಳೆಯ ಸಲಹೆ ಎಂದು ಸಮಿತಿಯವರು ಮೆಚ್ಚಿದರು. ಶ್ರವಣಬೆಳಗೊಳದ ಆಚೆಯ ಒಂದು ಹಳ್ಳಿ ಒಂದೇ ಒಂದು ಕಾರ್ಡಿನ ದಾಖಲೆಯಿಂದ ಉಳಿಯಿತು. ಅದರಿಂದ ನನ್ನ ಸಲಹೆಯ ಮೇಲೆ ನನಗೇ ಭರವಸೆ ಬಂದಿತ್ತು.

1886ರ ನಕ್ಷೆಯಲ್ಲಿ, ಬಟ್ಟೆಗೆ ಅಂಟಿಸಿದ ಆ ದಪ್ಪ ಹಾಳೆಯಲ್ಲಿ, ಗೌಜಲಹಟ್ಟಿ ಎಂದು ಬರೆದು ಮನೆಗಳಿಗೆ ಕೆಂಪು ಚುಕ್ಕೆ, ಒಂದು ಬಾವಿಗೆ ನೀಲಿ ಸೊನ್ನೆ ಹಾಕಿದ್ದರು. ಭೇಟಿ ಪುಸ್ತಕದಲ್ಲಿ 1932ರ ಆಗಸ್ಟಿನವರೆಗೆ ಪ್ರತಿ ಮಂಗಳವಾರವೂ ಗೌಜಲಹಟ್ಟಿಯ ಎದುರು ನೇರಳೆ ಬಣ್ಣದ ಹೆಬ್ಬೆಟ್ಟಿತ್ತು. ಆಮೇಲೆ ಪ್ರತಿ ಮಂಗಳವಾರವೂ ಒಂದೇ ಸಾಲು: ‘ಗೌಜಲಹಟ್ಟಿ. ಕೊಟ್ಟ ಕಾಗದ ಸೊನ್ನೆ. ಹೋಗಿಲ್ಲ.’ 1935ರಲ್ಲಿ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕೆಂಪು ಶಾಯಿಯಲ್ಲಿ ‘ಈ ಊರನ್ನು ಸುತ್ತಿನಿಂದ ಬಿಟ್ಟಿದೆ’ ಎಂದು ಬರೆದಿದ್ದರು. ಅಲ್ಲಿಂದ ಮುಂದೆ ಹೆಸರೂ ಇಲ್ಲ. ಪ್ಲೇಗಿಗೋ ಚಳಿಜ್ವರಕ್ಕೋ ಹೆದರಿ ಜನ 1932ರಲ್ಲಿ ಊರು ಬಿಟ್ಟಿದ್ದಾರೆ ಎಂದುಕೊಂಡೆ. ಬರಹ ಅಂಚೆಯವರದೇ ಎಂದು ಖಾತ್ರಿ ಮಾಡಿಕೊಳ್ಳಬೇಕೆಂಬ ನಿಯಮವಿತ್ತು. ಹಾಗಾಗಿ ಮಂಚಯ್ಯನಿಗೆ ಕರೆ ಹೋಯಿತು.

ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ಕೊಡೆಯನ್ನು ಅದರ ಪಕ್ಕ ಒರಗಿಸಿ, ಒದ್ದೆ ಕಾಲನ್ನು ಗೋಣಿಗೆ ಒರೆಸಿಕೊಂಡು ಒಳಗೆ ಬಂದರು. ಸಣಕಲು ಮೈ, ಸೊಟ್ಟಗಿಲ್ಲದೆ ಸುತ್ತಿದ ರುಮಾಲು, ಜೇಬಿನಲ್ಲಿ ಇನ್ನೂ ಇಲಾಖೆಯ ಕಾಪಿಯಿಂಗ್ ಪೆನ್ಸಿಲು. ನಾನು ಪುಸ್ತಕ ಮುಂದಿಟ್ಟೆ.

“ಇದು ನಿಮ್ಮ ಕೈಬರಹವೇ?”

“ಊಂ ಅಮ್ಮಾವ್ರೆ, ನಂದೇಯ.”

“ಎಲ್ಲ ನಿಜವಾಗಿ ಬರೆದದ್ದೋ?”

ಅವರ ಮುಖ ಕೆಂಪಾಯಿತು. “ಇಪ್ಪತ್ತೈದು ವರ್ಸ ನಡ್ದಿವ್ನಿ ತಾಯಿ. ಓಗ್ದೆ ಇರೋ ಊರ್ಗೆ ಓಗಿದ್ದೆ ಅಂತ ಒಂದ್ ದಪ ಬರ್ದಿದ್ರೆ ಈ ಕೈ ಸೇದೋಗ್ಲಿ.”

ದಾಖಲೆ ಕೋಣೆಯ ಗುಮಾಸ್ತ ಗಂಗಾಧರಯ್ಯ ಪಕ್ಕದಲ್ಲಿ ಕಡತಕ್ಕೆ ದಾರ ಕಟ್ಟುತ್ತ ಕೂತಿದ್ದರು. “ಅಲ್ಲಿಗೆ ಆಯ್ತಲ್ಲ ಅಮ್ಮಾವ್ರೇ, ಗೌಜಲಹಟ್ಟಿ ಖಾಲಿ. ಬರ್ಕೊಂಡ್ಬಿಡಿ, ಇನ್ನು ಮೂವತ್ತೆಂಟು ಊರು ಬಾಕಿ ಅವೆ” ಎಂದರು.

“ಖಾಲಿಯಾ? ಯಾವನಂದೋನು?” ಮಂಚಯ್ಯ ಅವರ ಕಡೆ ತಿರುಗಿದರು. “ನಮ್ಮಕ್ಕ ಅಲ್ಲೇ ಅವ್ಳೆ! ಮೊನ್ನೆ ಗುರ್ವಾರ ಸಂತೇಲಿ ಮೂರ್ ಜನದ ಮುಂದೆ ನನ್ನ ಬೋಯ್ದು ಓಗವ್ಳೆ. ಖಾಲಿ ಊರಿಂದ ಬಂದು ಬೋಯ್ತಾರಾ?”

ಗಂಗಾಧರಯ್ಯ ನಕ್ಕರು. ನಾನು ನಗಲಿಲ್ಲ. ಪುಸ್ತಕ ತಿರುಗಿಸಿ ಆ ಸಾಲುಗಳನ್ನು ತೋರಿಸಿದೆ. ಮಂಚಯ್ಯ ಬೆರಳಿಟ್ಟು ಓದಿದರು. ಏನಾಗಿದೆ ಎಂದು ತಿಳಿಯಲು ಅವರಿಗೆ ಹೊತ್ತು ಹಿಡಿಯಿತು. ಆಮೇಲೆ ಹೇಳಿದರು.

1932ರ ಮಳೆಗಾಲದಲ್ಲಿ ಅವರ ಮಂಡಿ ಊದಿಕೊಂಡಿತ್ತು. ಆಗಸ್ಟಿನ ಒಂದು ಮಂಗಳವಾರ ಒಂದೇ ಒಂದು ಕಾರ್ಡು ಹಿಡಿದು, ಎರಡು ಹಳ್ಳವನ್ನೂ ಸೊಂಟಮಟ್ಟ ನೀರಿನಲ್ಲಿ ದಾಟಿ ಗೌಜಲಹಟ್ಟಿಗೆ ಹೋದರು. ಊರಿನ ಹಿರಿಯ ಕೆಂಪಣ್ಣ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದವನು ನೋಡಿ ಬೈದನಂತೆ.

“ಏನ್ಲಾ ಮಂಚ, ಉಚ್ಚು ಗಿಚ್ಚು ಇಡದೈತಾ ನಿಂಗೆ? ಒಂದ್ ತುಂಡ್ ಕಾಗ್ದುಕ್ಕೆ ಅಳ್ಳ ದಾಟ್ಕಂಡ್ ಬತ್ತೀಯಲ್ಲ. ಕೊಚ್ಕಂಡ್ ಓದ್ರೆ ನಿಮ್ಮಕ್ಕಂಗೆ ನಾನ್ ಏನೇಳ್ಲಿ? ಗುರ್ವಾರ ನಾವೇ ಸಂತೆಗ್ ಬತ್ತೀವಿ. ಉಪ್ಪು ತಕ್ಕಳ್ಳೋ ಜತೇಲಿ ಕಾಗ್ದಾನೂ ತಕ್ಕಂಡ್ ಬತ್ತೀವಿ. ಇನ್ಮ್ಯಾಕೆ ಈ ಕಡೀಕ್ ಬಂದ್ರೆ ನಾಯಿ ಬುಡ್ತೀನಿ ನೋಡು.”

ಲಕ್ಕಮ್ಮನೂ ಅದನ್ನೇ ಹೇಳಿದಳು. ಅಲ್ಲಿಂದ ಮುಂದೆ ಗೌಜಲಹಟ್ಟಿಯ ಕಾಗದಗಳನ್ನು ಮಂಚಯ್ಯ ಗುರುವಾರ ಸಂತೆಯ ಹುಣಸೆ ಮರದಡಿ, ಉಪ್ಪಿನ ಅಂಗಡಿಯ ಪಕ್ಕ ಕೂತು ಕೊಟ್ಟರು. ಓದಿ ಹೇಳಿದರು, ಉತ್ತರವನ್ನೂ ಬರೆದರು. ಕೊಟ್ಟದ್ದು ಕಲ್ಲುಸಂತೆಯಲ್ಲಿ. ಆದ್ದರಿಂದ ಪುಸ್ತಕದಲ್ಲಿ ಕಲ್ಲುಸಂತೆಯ ಲೆಕ್ಕಕ್ಕೇ ಬರೆದರು. ಮಂಗಳವಾರ ಗೌಜಲಹಟ್ಟಿಗೆ ಹೋಗಿರಲಿಲ್ಲ. ಆದ್ದರಿಂದ ಹೋಗಿಲ್ಲ ಎಂದು ಬರೆದರು.

“ಪುಸ್ತಕವನ್ನು ಸಂತೆಗೇ ತೆಗೆದುಕೊಂಡು ಹೋಗಿ ಅಲ್ಲಿಯೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬಹುದಿತ್ತಲ್ಲ?” ಎಂದು ಕೇಳಿದೆ.

“ಸಂತೇಲಿ ಒತ್ತುಸ್ಕಂಡು ಊರ್ಗೆ ಓಗಿದ್ದೆ ಅಂತ ಬರೀಲಾ? ಅದ್ ಸುಳ್ಳಲ್ವಾ ತಾಯಿ?”

ಅವರು ಕೇಳಿದ್ದು ನಿಜವಾಗಿ ನನ್ನ ಅಭಿಪ್ರಾಯ ತಿಳಿಯಲು. ಆ ಸೀಮೆಯ ಬೇರೆ ಅಂಚೆಯವರಲ್ಲಿ ಹಲವರು ಹಾಗೆಯೇ ಮಾಡುತ್ತಿದ್ದರು. ಒಂದು ವಾರದ ಹೆಬ್ಬೆಟ್ಟುಗಳೆಲ್ಲ ಒಂದೇ ದಿನ, ಒಂದೇ ಕಡೆ ಒತ್ತಿಸಿದ್ದೆಂದು ಶಾಯಿ ನೋಡಿದರೇ ತಿಳಿಯುತ್ತಿತ್ತು. ಆ ಅಂಚೆಯವರ ಸುತ್ತಿನ ಊರುಗಳು ನನ್ನ ಪಟ್ಟಿಯಲ್ಲಿ ಉಳಿದಿದ್ದವು.

ಬೇರೆ ದಾಖಲೆ ಹುಡುಕಿದೆ. ಗೌಜಲಹಟ್ಟಿಯವರ ಹೆಸರಿನಲ್ಲಿ ಜಮೀನಿರಲಿಲ್ಲ. ತಲೆತಲಾಂತರದಿಂದ ಕಾವಲಿನ ಅಂಚಿನಲ್ಲಿ ರೂಢಿಯ ಮೇಲೆ ಬಿತ್ತಿಕೊಂಡಿದ್ದವರು. ಹಾಗಾಗಿ ಶಾನುಭೋಗರ ಪುಸ್ತಕದಲ್ಲಿ ಅವರಿಲ್ಲ. 1941ರಲ್ಲಿ ಜನಗಣತಿಯವನೂ ಹಳ್ಳ ದಾಟಿರಲಿಲ್ಲ. ಗುರುವಾರ ಸಂತೆಗೆ ಬಂದವರನ್ನು ಅಲ್ಲಿಯೇ ಎಣಿಸಿ ಕಲ್ಲುಸಂತೆಯವರೆಂದು ಬರೆದುಕೊಂಡು ಹೋಗಿದ್ದ. ಊರಿನವರಿಗೆ ಅದು ಉಪಕಾರವಾಗಿಯೇ ಕಂಡಿತ್ತು. ಎಲ್ಲ ಕೆಲಸವನ್ನೂ ಸಂತೆಯ ದಿನಕ್ಕೆ ಇಟ್ಟುಕೊಳ್ಳುವುದು ಆ ಜನದ ಪದ್ಧತಿ. ಅದರಿಂದ ಅವರಿಗೆ ಹನ್ನೆರಡು ವರ್ಷ ಯಾವ ತೊಂದರೆಯೂ ಆಗಿರಲಿಲ್ಲ.

ಮಂಚಯ್ಯ ಅಂದು ರಾತ್ರಿ ಗಂಗಾಧರಯ್ಯನವರ ಜಗಲಿಯಲ್ಲಿ ಮಲಗಿ ಮರುದಿನ ಬೆಳಿಗ್ಗೆ ಮತ್ತೆ ಬಂದರು.

“ಅಮ್ಮಾವ್ರೆ, ಬೇಚರಾಕು ಅಂತ ಬರುದ್ರೆ ಮನೆ ಕೀಳಿಸ್ತಾರಾ?”

“ಕಾವಲಿಗೆ ಸೇರುತ್ತದೆ. ಗುತ್ತಿಗೆ ಹಿಡಿದವನು ಬಿಡಿಸುತ್ತಾನೆ.”

“ನಮ್ಮಕ್ಕಂಗೆ ಅರವತ್ತೇಳು ವರ್ಸ. ಆ ಮನೆ ಗೋಡೆಗೆ ಮಣ್ ತುಳ್ದೋಳು ಅವ್ಳೇಯ.” ಮೇಜಿನ ಮೇಲಿನ ನಮೂನೆಯನ್ನು ತೋರಿಸಿ ಹೇಳಿದರು: “ನಾನ್ ಏಳ್ತಾ ಇವ್ನಲ್ಲ, ಜನ ಅವ್ರೆ ಅಂತ. ಅದ್ನ ಬರ್ಕಳಿ.”

ನಮೂನೆಯ ಕೊನೆಯಲ್ಲಿ, ವಿಶೇಷ ಸಂಗತಿ ಏನಾದರೂ ಇದ್ದರೆ ಬರೆಯಲು, ಷರಾ ಎಂಬ ಅಂಕಣವಿತ್ತು. ಬರೆದುಕೊಳ್ಳಬಹುದಿತ್ತು. ಆದರೆ ಅವರ ಅಕ್ಕನ ಮನೆ ಅಲ್ಲಿದೆ ಎಂದು ಅವರೇ ಹೇಳಿಬಿಟ್ಟಿದ್ದರು. ಸಂಬಂಧಿಕನ ಮಾತು ಸಾಕ್ಷ್ಯವಲ್ಲ ಎಂದು ನಾನು ಕಲಿತಿದ್ದೆ. ಅಕ್ಕನ ವಿಷಯ ಎತ್ತದೆ ಇದ್ದಿದ್ದರೆ ಬಹುಶಃ ಬರೆದುಕೊಳ್ಳುತ್ತಿದ್ದೆ. ನಿಮ್ಮ ಮಾತನ್ನು ನಾನು ನಂಬುತ್ತೇನೆ, ಆದರೆ ನಿಯಮಕ್ಕೆ ಬರಹ ಬೇಕು ಎಂದೆ. ಅವರು ತಲೆದೂಗಿದರು. ನಿಯಮ ಎಂಬ ಮಾತಿಗೆ ಎದುರಾಡುವ ಅಭ್ಯಾಸ ಅವರಿಗಿರಲಿಲ್ಲ.

1938ರ ಪುಸ್ತಕ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಪ್ರತಿ ಪುಟದ ಕೊನೆಯಲ್ಲಿ ಎರಡು ಮೂರು ಖಾಲಿ ಗೆರೆ. ಅವರ ಜೇಬಿನಲ್ಲಿದ್ದದ್ದು ಅದೇ ಇಲಾಖೆಯ ಅದೇ ಪೆನ್ಸಿಲು. ದಾಖಲೆಯನ್ನು ಹೊರಗಿನವರ ಹತ್ತಿರ ಬಿಟ್ಟು ನಾನು ಯಾವತ್ತೂ ಎದ್ದು ಹೋದವಳಲ್ಲ. ಅಂದು ಹೋದೆ. ಗಂಗಾಧರಯ್ಯನವರನ್ನೂ ಕರೆದುಕೊಂಡು ಹೋದೆ. ಕೆಳಗಿನ ಕೋಣೆಯಲ್ಲಿ ಬೇಕಿಲ್ಲದ ಒಂದು ನಕ್ಷೆ ತೆಗೆಸಿ ಅರ್ಧ ಗಂಟೆ ನೋಡಿದೆ.

ಮರಳಿ ಬಂದಾಗ ಮಂಚಯ್ಯ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪೆನ್ಸಿಲು ಪುಸ್ತಕದ ಮೇಲೆ ಅಡ್ಡಲಾಗಿತ್ತು. ಕಾಪಿಯಿಂಗ್ ಪೆನ್ಸಿಲನ್ನು ನಾಲಿಗೆಗೆ ತಾಗಿಸಿದರೆ ಬಣ್ಣ ಬಿಡುತ್ತದೆ. ಅವರ ಕೆಳದುಟಿಯಲ್ಲಿ ನೇರಳೆ ಕಲೆ ಇತ್ತು. ಪುಟ ನೋಡಿದೆ. ಗೆರೆಗಳು ಖಾಲಿಯಾಗಿಯೇ ಇದ್ದವು.

“ಬರೀಲಿಲ್ಲ ತಾಯಿ. ಕೈ ಓಗ್ನಿಲ್ಲ” ಎಂದರು.

ನಾನು ಪುಸ್ತಕ ಮುಚ್ಚಿದೆ. ಅವರು ಕೊಡೆ ತೆಗೆದುಕೊಂಡು ಬಸ್ಸಿಗೆ ಹೋದರು. ಆ ವಾರವೇ ಪಟ್ಟಿ ಕಳಿಸಬೇಕಾಗಿತ್ತು. ಗೌಜಲಹಟ್ಟಿ, ಬೇಚರಾಕ್, ಆಧಾರ ಅಂಚೆಯ ಭೇಟಿ ಪುಸ್ತಕ ಎಂದು ಬರೆದು ಸಹಿ ಹಾಕಿದೆ. ಷರಾ ಅಂಕಣ ಖಾಲಿ ಬಿಟ್ಟೆ.

1945ರ ಸುಗ್ಗಿ ಮುಗಿದ ಮೇಲೆ ನೋಟೀಸು ಹೋಯಿತಂತೆ. ಹತ್ತೊಂಬತ್ತು ಮನೆಯವರೂ ಜಗಳವಾಡಲಿಲ್ಲ. ಯಾರೊಂದಿಗೆ ಆಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ಹೆಂಚು, ತೊಲೆ, ಬಾಗಿಲು ಬಿಚ್ಚಿ ಗಾಡಿಗೆ ಹಾಕಿಕೊಂಡು ಕೆಲವರು ಹರದನಹಳ್ಳಿಯ ಕಡೆ ನೆಂಟರಲ್ಲಿಗೆ, ಕೆಲವರು ಕೂಲಿಗೆ ಹೋದರು. ಕೆಂಪಣ್ಣ ಮಗಳ ಊರಿಗೆ ಹೋಗಿ ಆ ವರ್ಷವೇ ತೀರಿಕೊಂಡ. ವಿಧವೆ ಲಕ್ಕಮ್ಮ ಕಲ್ಲುಸಂತೆಗೆ ಬಂದು ತಮ್ಮನ ಮನೆಯ ಹಿಂದಿನ ಅಂಕಣದಲ್ಲಿ ಒಲೆ ಹೂಡಿದಳು.

1947ರ ಫೆಬ್ರವರಿಯಲ್ಲಿ ನಾನು ಅಲ್ಲಿಗೆ ಹೋದೆ. ಬೇಚರಾಕ್ ಎಂದು ಬರೆದ ಊರುಗಳಲ್ಲಿ ಒಂದನ್ನೂ ಕಣ್ಣಿನಿಂದ ಕಂಡಿರಲಿಲ್ಲ. ನೋಡಬೇಕು ಎನಿಸಿತ್ತು, ಅದಕ್ಕಿಂತ ದೊಡ್ಡ ಕಾರಣವಿಲ್ಲ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಕಲ್ಲುಸಂತೆಯಲ್ಲಿ ಇಳಿದಾಗ ಮಂಚಯ್ಯ ಮನೆಯ ಮುಂದೆಯೇ ಇದ್ದರು. ನನ್ನನ್ನು ಗುರುತಿಸಿ, ಒಳಗೆ ತಿರುಗಿ, “ಅಕ್ಕಯ್ಯ, ಆಸನದ ಅಮ್ಮಾವ್ರು ಬಂದವ್ರೆ” ಎಂದರು.

ಲಕ್ಕಮ್ಮ ಕೋಲೂರಿಕೊಂಡು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಯಾರೆಂದು ಅವಳಿಗೆ ತಿಳಿದಿತ್ತು. ಆದರೆ ಮಾತಾಡಿದ್ದು ತಮ್ಮನೊಡನೆ.

“ಇವ್ರೇಯೇನ್ಲಾ ನಿನ್ ಪುಸ್ತಕ ಓದ್ದೋರು? ಅದ್ರಾಗೆ ನಾನು ಸತ್ತೋಗಿ ಅದ್ನೈದು ವರ್ಸ ಆಯ್ತಂತಲ್ಲ. ಒಂದ್ ವರ್ಸಾನಾದ್ರೂ ತಿಥಿ ಮಾಡ್ನಿಲ್ಲ ನೀನು.”

ಮಂಚಯ್ಯ ನೆಲ ನೋಡಿದರು. ಅವಳು ಇದನ್ನು ದಿನಕ್ಕೆರಡು ಸಲ ಹೇಳುತ್ತಾಳೆಂದು ಅವರು ತಲೆ ತಗ್ಗಿಸಿದ ರೀತಿಯಿಂದಲೇ ತಿಳಿಯುತ್ತಿತ್ತು. ಆಮೇಲೆ ಅವಳೇ ನನಗೆ ಮಜ್ಜಿಗೆ ತಂದುಕೊಟ್ಟಳು.

ಅವಳ ಮಗ ರಂಗಸ್ವಾಮಿ ಭದ್ರಾವತಿಯ ಕಾರ್ಖಾನೆಯಲ್ಲಿದ್ದ. ಊರು ಹೋದದ್ದು ಅವನಿಗೂ ಗೊತ್ತು. ಆದರೂ ಕಾಗದಕ್ಕೆ ಗೌಜಲಹಟ್ಟಿ ಎಂದೇ ವಿಳಾಸ ಬರೆಯಬೇಕೆಂದು ತಾಯಿಯ ಹಟ. ಹೊಸ ಅಂಚೆಯವನು ಅಂಥ ಒಂದು ಕಾರ್ಡಿನ ಮೇಲೆ ‘ಇಂಥ ಊರಿಲ್ಲ’ ಎಂದು ಬರೆದು ವಾಪಸು ಕಳಿಸುವುದರಲ್ಲಿದ್ದ. ಮಂಚಯ್ಯ ಹೋಗಿ ಕೇಳಿದ್ದಕ್ಕೆ, ಹಿರಿಯರೆಂಬ ಗೌರವಕ್ಕೆ ಅವರ ಕೈಗೆ ಕೊಟ್ಟಿದ್ದ. ಕಾರ್ಡು ಐದು ದಿನದಿಂದ ಅವರ ಜೇಬಿನಲ್ಲಿತ್ತು. ಅಕ್ಕ ಒಂದೇ ಸೂರಿನಡಿ ಇದ್ದರೂ ಕೊಟ್ಟಿರಲಿಲ್ಲ.

“ವಿಳಾಸದಾಗೆ ಈ ಮನೆ ಇಲ್ವಲ್ಲ ಅಮ್ಮಾವ್ರೆ” ಎಂದರು. “ಮಂಗ್ಳಾರ ಬರ್ಲಿ ಅಂತ ಕಾಯ್ತಾ ಇವ್ನಿ. ಇವತ್ತು ಮಂಗ್ಳಾರ.”

ಮೂವರೂ ನಡೆದೆವು. ಹಳ್ಳಗಳಲ್ಲಿ ನೀರು ಪಾದ ಮುಳುಗುವಷ್ಟೇ ಇತ್ತು. ಲಕ್ಕಮ್ಮ ದಾರಿಯುದ್ದಕ್ಕೂ ಬೈದಳು. “ಊರಿದ್ದಾಗ ಕಾಗ್ದ ಸಂತೇಗ್ ಬತ್ತಿತ್ತು. ಈಗ ನಾನ್ ಸಂತೇತಾವ ಇವ್ನಿ, ಕಾಗ್ದ ಊರಿಗ್ ಓಯ್ತೈತೆ. ನಿನ್ನ ಕೂಲಿಮಠಕ್ಕೆ ಆಕ್ದೆ ದನ ಕಾಯಕ್ ಬುಟ್ಟಿದ್ರೆ ಚೆಂದಾಗಿತ್ತು ಕಣ್ಲಾ.” ಆದರೆ ಹಿಂದೆ ಉಳಿಯಲಿಲ್ಲ. ನಮಗಿಂತ ಮುಂದೆಯೇ ನಡೆದಳು.

ಕಾವಲಿನಲ್ಲಿ ಹೊಗೆಸೊಪ್ಪು ಒಣಗಿಸುವ ಎರಡು ಎತ್ತರದ ಗೂಡು ಎದ್ದಿದ್ದವು. ಸೌದೆಗೆಂದು ಊರಿನ ಬೇವಿನ ಮರಗಳನ್ನು ಕಡಿದಿದ್ದರು. ಬಾವಿಗೆ ಮುಳ್ಳು ಮುಚ್ಚಿದ್ದರು. ನಾನು ಜೊತೆಗೆ ತಂದಿದ್ದ ನಕ್ಷೆಯ ಪ್ರತಿಯನ್ನು ಬಿಚ್ಚಿ ನೋಡಿದೆ. ಬಾವಿ ಇರಬೇಕಾದಲ್ಲೇ ಇತ್ತು. ಅರವತ್ತು ವರ್ಷದ ಹಿಂದೆ ಒಬ್ಬ ಇಲ್ಲಿಯವರೆಗೆ ನಡೆದು ಬಂದು, ನಿಂತು, ಅಳೆದು ಹಾಕಿದ ಗುರುತು ಅದು. ನಾನು ಪಟ್ಟಿ ಮಾಡುವಾಗ ಹಾಸನದಿಂದ ಇಲ್ಲಿಗೆ ಒಂದು ದಿನದ ದಾರಿಯೂ ಇರಲಿಲ್ಲ. ಪೆಟ್ರೋಲು ಇಲ್ಲದಿದ್ದರೆ ಎತ್ತಿನ ಗಾಡಿ ಇತ್ತು, ಗಾಡಿ ಇಲ್ಲದಿದ್ದರೆ ಕಾಲು ಇದ್ದವು. ಇದು ಆಗಲೇ ಹೊಳೆಯಬೇಕಾಗಿತ್ತು.

ಲಕ್ಕಮ್ಮ ಒಂದು ಕಡೆ ನಿಂತು ಕೋಲಿನಿಂದ ಕಸ ಸರಿಸಿದಳು. ನೆಲದಲ್ಲಿ ಹೂತ ಒರಳು ಕಾಣಿಸಿತು. ಗಾಡಿಗೆ ಹಾಕಲಾಗದೆ ಉಳಿದದ್ದು ಅದೊಂದೇ. ಅವಳು ಅದರ ಪಕ್ಕ ಕೂತಳು. ಮಂಚಯ್ಯ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಬಾಗಿಲು ಇದ್ದಿರಬಹುದಾದ ಜಾಗದಲ್ಲಿ ನಿಂತು, ರುಮಾಲು ಸರಿಮಾಡಿಕೊಂಡು ಕೂಗಿದರು.

“ಲಕ್ಕಮ್ಮ, ಕಾಗ್ದ!”

“ಓದ್ಲಾ, ಅಲ್ಲೇನ್ ನಿಂತಿದೀಯ?”

ಓದಿದರು. ರಂಗಸ್ವಾಮಿ ಕ್ಷೇಮ, ಸೊಸೆಗೆ ಜ್ವರ ಬಿಟ್ಟಿದೆ, ಈ ಸಲ ಹುರುಳಿ ಬೆಳೆದಿದ್ದರೆ ಎರಡು ಸೇರು ಯಾರ ಕೈಯಲ್ಲಾದರೂ ಕಳಿಸುವುದು. ಎಲ್ಲಿ ಬೆಳೆಯಬೇಕೆಂದು ಅವನು ಯೋಚಿಸಿರಲಿಲ್ಲ, ಅಭ್ಯಾಸಬಲದಿಂದ ಬರೆದಿದ್ದ. ಲಕ್ಕಮ್ಮ ಒರಳಿನೊಳಗೆ ತುಂಬಿದ್ದ ಮಣ್ಣನ್ನು ಕೈಯಿಂದ ಬಾಚಿ ತೆಗೆದಳು.

ಮಂಚಯ್ಯ ಜೇಬಿನಿಂದ ಖಾಕಿ ರಟ್ಟಿನ ಪುಸ್ತಕ ತೆಗೆದರು. 1942ರ ಕೊನೆಯ ಪುಸ್ತಕದಲ್ಲಿ ಉಳಿದ ಹಾಳೆಗಳನ್ನು ಹೊಲಿದು ಮಾಡಿದ್ದು. ಒರಳಿನ ಮೇಲಿಟ್ಟು ಬರೆದರು. ಊರಿನಲ್ಲಿ ಸಹಿ ಮಾಡಲು ಯಾರೂ ಇಲ್ಲವಲ್ಲ ಎಂದು ನಾನು ಕೈ ಚಾಚಿದೆ.

“ನೀವ್ ಈ ಊರೋರಲ್ಲ ಅಮ್ಮಾವ್ರೆ” ಎಂದರು. ಮೆತ್ತಗೆಯೇ ಹೇಳಿದರು. ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಅಕ್ಕನ ಹೆಬ್ಬೆರಳಿಗೆ ನಾಲ್ಕು ಸಲ ಉಜ್ಜಿ, ಹಾಳೆಗೆ ಒತ್ತಿಸಿದರು.

‘11-2-47, ಮಂಗಳವಾರ. ಗೌಜಲಹಟ್ಟಿ. ಕೊಟ್ಟ ಕಾಗದ ಒಂದು. ಹೋಗಿದ್ದೆ.’

ಲಕ್ಕಮ್ಮ ಮುಂದಿನ ವರ್ಷ ತೀರಿಕೊಂಡಳು. ಮಂಚಯ್ಯ ಇನ್ನೂ ಎರಡು ವರ್ಷ ಇದ್ದರು. ಸಾಯುವ ಮುಂಚೆ ಆ ಪುಸ್ತಕವನ್ನು ನನಗೆ ಅಂಚೆಯಲ್ಲಿ ಕಳಿಸಿದ್ದರು. ಅದನ್ನು ಹಿಡಿದುಕೊಂಡು ಪಟ್ಟಿ ತಿದ್ದಿಸಲು ಕಚೇರಿಗೆ ಹೋದೆ. ತಿದ್ದಿದರೆ ವಾಸ ಮಾಡಲು ಯಾರು ಬರುತ್ತಾರೆ ಎಂದು ಅಲ್ಲಿದ್ದವರು ಕೇಳಿದರು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮರಳಿದೆ. ಪಟ್ಟಿಯಲ್ಲಿ ಗೌಜಲಹಟ್ಟಿಯ ಎದುರಿನ ಷರಾ ಅಂಕಣ ಇಂದಿಗೂ ಖಾಲಿಯಿದೆ. ಕೆಳಗಿರುವ ಸಹಿ ನನ್ನದು.